ಆ ಟಾಮ್ ಕ್ರೂಸ್ ಅಲ್ಲ, ಈ ಟಾಮ್ ಕ್ರೂಸ್!

ಚಳ್ಳಕೆರೆಯಿಂದ ಓದುಗರೊಬ್ಬರು ಕಾರ್ಡು ಹಾಕಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಬೇಡ ಬಿಡಿ. ಪ್ರಶ್ನೆ ಒಂದೇ ಸಾಲು: "ಮರಳುಗಾಡಿನಲ್ಲಿ ಗಾಡಿ ಓಡಿಸುವ ಚಿತ್ರಗಳಲ್ಲಿ ನಂಬರ್ ಒನ್ ಯಾವುದು ಸ್ವಾಮೀ? 'ಮ್ಯಾಡ್ ಮ್ಯಾಕ್ಸ್' ತಾನೆ?" ಪ್ರಶ್ನೆಯ ಜೊತೆಗೆ ಉತ್ತರವನ್ನೂ ಅವರೇ ಬರೆದು, ನನಗೆ ಸಹಿ ಹಾಕುವ ಕೆಲಸ ಮಾತ್ರ ಉಳಿಸಿದ್ದಾರೆ!

ಸಹಿ ಹಾಕಲಾರೆ, ಕ್ಷಮಿಸಿ. 'ಮ್ಯಾಡ್ ಮ್ಯಾಕ್ಸ್' ಸರಣಿಯ ಎರಡನೆಯ ಚಿತ್ರ 1981ರದು. ಆಸ್ಟ್ರೇಲಿಯಾದ ಬ್ರೋಕನ್ ಹಿಲ್, ಸಿಲ್ವರ್‌ಟನ್ ಸುತ್ತ ತೆಗೆದದ್ದು. ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಶಿಳ್ಳೆಯನ್ನೂ ಹೊಡೆದಿದ್ದೇನೆ. ಆದರೆ ಒಂದು ತಮಾಷೆ ಕೇಳಿ. 2015ರಲ್ಲಿ ಬಂತಲ್ಲ 'ಫ್ಯೂರಿ ರೋಡ್', ಅದನ್ನೂ ಬ್ರೋಕನ್ ಹಿಲ್ಲಿನಲ್ಲೇ ತೆಗೆಯಬೇಕೆಂದಿತ್ತು. ಅಷ್ಟರಲ್ಲಿ ಮಳೆ ಹುಯ್ದು, ಬೆಂಗಾಡೆಲ್ಲ ಹಸಿರಾಗಿ ಹೂ ಬಿಟ್ಟು ಕೂತಿತು! ಜಗತ್ತೇ ಒಣಗಿಹೋಗಿದೆ ಎಂಬ ಕತೆಗೆ ಹೂದೋಟದಲ್ಲಿ ಶೂಟಿಂಗ್ ಮಾಡೋದು ಹೇಗೆ? ಇಡೀ ಯೂನಿಟ್ಟು ಗಂಟುಮೂಟೆ ಕಟ್ಟಿ ಆಫ್ರಿಕಾದ ನಮೀಬಿಯಾಕ್ಕೆ ಹೋಯಿತು. ಮರಳುಗಾಡು ನಿರ್ಮಾಪಕರ ಕಾಲ್‌ಶೀಟಿಗೆ ಸಿಗುವ ಕಲಾವಿದನಲ್ಲ ಅನ್ನೋದು ಆಗ ಗೊತ್ತಾಗಿರಬೇಕು.

ನನ್ನ ನಂಬರ್ ಒನ್ ಬೇರೆ ಇದೆ. ಅದರ ಹೀರೋ ಟಾಮ್ ಕ್ರೂಸ್.

ತಡೆಯಿರಿ, ವಿಮಾನಕ್ಕೆ ನೇತುಬೀಳುವ ಆ ಸುಂದರಾಂಗನಲ್ಲ. ಅವರು ಹುಟ್ಟಿದ್ದು 1962ರಲ್ಲಿ. ನಾನು ಹೇಳುತ್ತಿರುವ ಟಾಮ್ ಕ್ರೂಸ್ ಆಸ್ಟ್ರೇಲಿಯಾದ ಲಾರಿ ಡ್ರೈವರ್. ಹುಟ್ಟಿದ್ದು 1914ರಲ್ಲಿ, ತೀರಿಕೊಂಡದ್ದು 2011ರಲ್ಲಿ. ಮನೆಯಲ್ಲಿ ಇಟ್ಟ ಹೆಸರು ಎಸ್ಮಂಡ್ ಜೆರಾಲ್ಡ್. ಊರು ಕರೆದದ್ದು ಟಾಮ್ ಅಂತ. ಚಿತ್ರದ ಹೆಸರು 'ದಿ ಬ್ಯಾಕ್ ಆಫ್ ಬಿಯಾಂಡ್', 1954ರದು. ನಿರ್ದೇಶಕ ಜಾನ್ ಹೇಯರ್. ಕಪ್ಪು ಬಿಳುಪು, 66 ನಿಮಿಷ. ನಾಯಕಿ ಇಲ್ಲ, ವಿಲನ್ ಇಲ್ಲ, ಫೈಟಂತೂ ಇಲ್ಲವೇ ಇಲ್ಲ. ಒಂದು ಲಾರಿ ಅಂಚೆ ಚೀಲ ಹೇರಿಕೊಂಡು ಒಂದು ಊರು ಬಿಡುತ್ತದೆ, ಇನ್ನೊಂದು ಊರು ಸೇರುತ್ತದೆ. ಕತೆ ಮುಗಿಯಿತು! ಇದಕ್ಕೆ 1954ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಪ್ರಿ ಬಂತು ಅಂದರೆ ನಂಬುತ್ತೀರಾ?

ನಂಬಬೇಕಾದರೆ ಆ ರಸ್ತೆಯ ಪರಿಚಯ ಆಗಬೇಕು.

ಹೆಸರು ಬರ್ಡ್ಸ್‌ವಿಲ್ ಟ್ರ್ಯಾಕ್. ದಕ್ಷಿಣ ಆಸ್ಟ್ರೇಲಿಯಾದ ಮರೀ ಎಂಬ ರೈಲು ಊರಿನಿಂದ ಕ್ವೀನ್ಸ್‌ಲ್ಯಾಂಡಿನ ಗಡಿ ದಾಟಿದೊಡನೆ ಸಿಗುವ ಬರ್ಡ್ಸ್‌ವಿಲ್ ತನಕ 517 ಕಿಲೋಮೀಟರ್. ಅಂದರೆ ಬೆಂಗಳೂರು ಬಿಟ್ಟು ಬೆಳಗಾವಿ ದಾಟಿದಷ್ಟು. ನಮ್ಮ ಹೈವೇಯಲ್ಲಾದರೆ ಅಷ್ಟರಲ್ಲಿ ತುಮಕೂರಿನ ಇಡ್ಲಿ, ದಾವಣಗೆರೆಯ ಬೆಣ್ಣೆದೋಸೆ, ಧಾರವಾಡದ ಪೇಡಾ ಎಲ್ಲ ಆಗಿರುತ್ತದೆ. ಅಲ್ಲಿ ನಡುವೆ ಮಂಗರಾನಿ ಅಂತ ಒಂದು ಹೋಟೆಲು, ಅಷ್ಟೇ. ಮಿಕ್ಕಂತೆ ದೂರದೂರಕ್ಕೆ ಒಂದೊಂದು ದನಗಳ ಒಕ್ಕಲು. ಅದಕ್ಕೆ ಅವರು ಸ್ಟೇಷನ್ ಅನ್ನುತ್ತಾರೆ. ನಮ್ಮ ರೈಲ್ವೇ ಸ್ಟೇಷನ್ನೂ ಅಲ್ಲ, ಪೊಲೀಸ್ ಸ್ಟೇಷನ್ನೂ ಅಲ್ಲ. ಒಂದು ಮನೆ, ಒಂದಿಷ್ಟು ಬೇಲಿ, ಸಾವಿರಾರು ದನ. ಅಷ್ಟು ದೂರ ಹೋಗಿ ಮುಟ್ಟುವ ಬರ್ಡ್ಸ್‌ವಿಲ್ಲಿನಲ್ಲಾದರೂ ಎಷ್ಟು ಜನ? 2021ರ ಜನಗಣತಿಯಲ್ಲಿ 110. ನಮ್ಮಲ್ಲಿ ಒಂದು ಮದುವೆಯ ಮೊದಲ ಪಂಕ್ತಿಗೂ ಸಾಲದು.

ಆ ದಾರಿ ಹುಟ್ಟಿದ್ದು ದನಗಳ ಕಾಲಿನಿಂದ. 1880ರ ದಶಕದಲ್ಲಿ ರೈಲು ಮರೀಗೆ ಬಂದಾಗ, ಕ್ವೀನ್ಸ್‌ಲ್ಯಾಂಡಿನ ದನಗಳನ್ನು ಅಲ್ಲಿಗೆ ಹೊಡೆದುಕೊಂಡು ಬಂದು ಬೋಗಿಗೆ ಏರಿಸುತ್ತಿದ್ದರು. ದನಗಳಿಗೆ ನೀರು ಬೇಕಲ್ಲ, ಸರ್ಕಾರ ದಾರಿಯುದ್ದಕ್ಕೂ ಆಳವಾದ ಬೋರು ಕೊರೆಸಿತು. ನೀರು ತಾನೇ ಉಕ್ಕಿ ಬರುತ್ತದೆ, ಆದರೆ ಬಿಸಿ ಬಿಸಿ! ನೆಲದೊಳಗಿನ ಶಾಖದ ನೀರು. ಅದಕ್ಕೂ ಮುಂಚೆ, ಎಷ್ಟೋ ಸಾವಿರ ವರ್ಷಗಳಿಂದ, ನೀರಿನ ಜಾಗ ಎಲ್ಲೆಲ್ಲಿದೆ ಎಂದು ತಿಳಿದು ಆ ನೆಲದಲ್ಲಿ ಓಡಾಡಿದವರು ಡಿಯೇರಿ ಮತ್ತಿತರ ಮೂಲನಿವಾಸಿಗಳು. ದಾರಿ ನಕ್ಷೆಗೆ ಬಂದದ್ದು ಈಚೆಗೆ.

ಮಳೆ ವರ್ಷಕ್ಕೆ ಅಂಗೈ ಅಗಲ. ಬಿಸಿಲು? 1972ರ ಡಿಸೆಂಬರಿನಲ್ಲಿ ಬರ್ಡ್ಸ್‌ವಿಲ್ಲಿನಲ್ಲಿ 49.5 ಡಿಗ್ರಿ ದಾಖಲಾಗಿದೆ. ರಾಯಚೂರಿನವರು ಕೂಡ ಸ್ವಲ್ಪ ನೆರಳು ಕೊಡಿ ಅಂದಾರು.

ಇಲ್ಲಿ 1936ರಿಂದ ಟಾಮ್ ಕ್ರೂಸ್ ಅಂಚೆ ಲಾರಿ ಓಡಿಸಿದರು. ಹದಿನೈದು ದಿನಕ್ಕೊಂದು ಟ್ರಿಪ್ಪು. ಕಾಗದ ಪತ್ರ ಮಾತ್ರವಲ್ಲ ಸ್ವಾಮಿ. ಹಿಟ್ಟು, ಸಕ್ಕರೆ, ಔಷಧಿ, ಪೆಟ್ರೋಲು ಡ್ರಮ್ಮು, ಪಂಪಿನ ಸಾಮಾನು, ಮೇಲೆ ಕೂತುಕೊಳ್ಳೋಕೆ ಒಪ್ಪಿದ ಪ್ರಯಾಣಿಕರು, ಎಲ್ಲ ಅದೇ ಲಾರಿಯಲ್ಲಿ. ಲಾರಿ ಯಾವುದು ಗೊತ್ತೇ? ಲೇಲ್ಯಾಂಡ್ ಬ್ಯಾಡ್ಜರ್! ಹೌದು, ನಮ್ಮ ಅಶೋಕ್ ಲೇಲ್ಯಾಂಡಿನ ಹೆಸರಿನ ಅರ್ಧಭಾಗ ಬಂತಲ್ಲ, ಇಂಗ್ಲೆಂಡಿನ ಅದೇ ಲೇಲ್ಯಾಂಡ್ ಕಂಪನಿಯ ಗಾಡಿ. ಮದರಾಸಿನ ಅಶೋಕ್ ಮೋಟಾರ್ಸ್ ಆ ಹೆಸರನ್ನು ಜೊತೆಗೆ ಸೇರಿಸಿಕೊಂಡದ್ದು 1955ರಲ್ಲಿ, ಈ ಚಿತ್ರ ಬಂದ ಮಾರನೆಯ ವರ್ಷ.

ಈ ಒಂದು ಮಾತಿಗೇ ನಮ್ಮ ಮಾವ ಚಿತ್ರ ನೋಡಲು ಕೂತದ್ದು. ನನ್ನ ಸೋದರಮಾವ ಹಿರಿಯೂರಿನವರು. ಮೂವತ್ತು ವರ್ಷ ಲಾರಿ ಓಡಿಸಿ ಈಗ ಮನೆಯಲ್ಲಿದ್ದಾರೆ. ಸಿನಿಮಾದಲ್ಲಿ ಯಾರಾದರೂ ಸ್ಟೀರಿಂಗ್ ಹಿಡಿದರೆ ಸಾಕು, ಅವರಿಗೆ ನಗು. "ನೇರ ರಸ್ತೇಲಿ ಹಿಂಗ್ಯಾಕೆ ತಿರುಗಿಸ್ತಾನೋ ಅವ್ನು, ರಾಗಿ ಬೀಸ್ತಾವ್ನಾ?" ನಮ್ಮ ಎಷ್ಟೋ ಹೀರೋಗಳು ಅವರ ಪರೀಕ್ಷೆಯಲ್ಲಿ ಫೇಲು. ಹೆಸರು ಹೇಳಿದರೆ ಅಭಿಮಾನಿಗಳು ನನ್ನನ್ನು ಬಸ್‌ಸ್ಟ್ಯಾಂಡಿನಲ್ಲೇ ಹಿಡಿದಾರು! ಅಂಥ ಮಾವ ಫೋನು ಎದುರಿಗೆ ಒರಗಿಸಿಕೊಂಡು ಈ ಚಿತ್ರವನ್ನು ಉಸಿರೆತ್ತದೆ ನೋಡಿದರು. ಇಂಗ್ಲಿಷ್ ಬರೋದಿಲ್ಲ. ನಾನೂ ಪಿಯುಸಿ ಅರ್ಧಕ್ಕೆ ಬಿಟ್ಟ ಪಂಡಿತ, ಗೊತ್ತಾದಷ್ಟು ಹೇಳಿದೆ. ಅವರಿಗೆ ಅದೂ ಬೇಕಿರಲಿಲ್ಲ.

ಮರಳದಿಬ್ಬ ಬರುತ್ತದೆ. ಲಾರಿ ಹೂತುಕೊಳ್ಳುತ್ತದೆ. ಟಾಮೂ ಅವರ ಸಹಾಯಕನೂ ಇಳಿದು ಸಲಿಕೆಯಿಂದ ಮರಳು ತೋಡಿ, ಚಕ್ರದ ಮುಂದೆ ಕಬ್ಬಿಣದ ತಗಡು ಹಾಸುತ್ತಾರೆ. ಗಾಡಿ ತಗಡಿನಷ್ಟು ದೂರ ಮುಂದೆ ಹೋಗುತ್ತದೆ. ಮತ್ತೆ ತಗಡು ಎತ್ತು, ಮತ್ತೆ ಮುಂದೆ ಹಾಸು. ಒಂದೊಂದು ದಿಬ್ಬಕ್ಕೂ ಇದೇ.

"ಅವಸರಾನೇ ಇಲ್ಲ ನೋಡು ಅವನಿಗೆ" ಅಂದರು ಮಾವ. "ಮರಳಲ್ಲಿ ಆಕ್ಸಿಲೇಟರ್ ಒದ್ದೋನು ಕೆಟ್ಟ. ಚಕ್ರ ಗುಂಡಿ ತೋಡ್ಕಂಡು ಕೂರ್ತದೆ. ಇವನು ಡ್ರೈವರು ಕಣೋ."

ಅಂಥ ರಸ್ತೆಯ ಪಾಠ ಮಾವನಿಂದ ಕೇಳಿದ್ದನ್ನು ಇಲ್ಲಿ ಹಾಕಿಬಿಡುತ್ತೇನೆ. ಜೋಧಪುರದ ಆಚೆಗೂ ಲೋಡು ಇಳಿಸಿ ಬಂದವರು ಅವರು. ಮರಳಿಗೆ ಟೈರಿನ ಗಾಳಿ ಇಳಿಸಬೇಕು. ಟೈರು ಚಪ್ಪಟೆಯಾಗಿ ಒಂಟೆಯ ಪಾದದ ಹಾಗೆ ಅಗಲವಾದರೆ ಭಾರ ಹಂಚಿಹೋಗುತ್ತದೆ. ಆಮೇಲೆ ಗಟ್ಟಿ ನೆಲ ಬಂದಾಗ ಮತ್ತೆ ಗಾಳಿ ತುಂಬಿಸದಿದ್ದರೆ ಟೈರು ಕಾದು ಒಡೆಯುತ್ತದೆ. ಬರ್ಡ್ಸ್‌ವಿಲ್ ದಾರಿಯಲ್ಲಿ ಮರಳಿಗಿಂತ ಕಲ್ಲೇ ಮೋಸ. ಸ್ಟರ್ಟ್ ಕಲ್ಲು ಮರುಭೂಮಿ ಅಂತಲೇ ಒಂದಿದೆ. ಮೈಲಿಗಟ್ಟಲೆ ಕೆಂಪು ಕಲ್ಲು ಹರಡಿಕೊಂಡು, ಅಂಚು ಚೂಪಾಗಿ ಟೈರಿನ ಬದಿಯನ್ನು ಸೀಳುತ್ತದೆ. ಸ್ಟೆಪ್ನಿ ಒಂದು ಸಾಲದು, ಎರಡಿರಲಿ ಅನ್ನುತ್ತಾರೆ ಅಲ್ಲಿನವರು. ಇನ್ನು ಹಿಟ್ಟಿನಂಥ ಧೂಳು, ಗುಂಡಿಯನ್ನು ಮಟ್ಟಸವಾಗಿ ಮುಚ್ಚಿ ಕೂತಿರುತ್ತದೆ. ರಸ್ತೆ ಅಂದುಕೊಂಡು ಹೋದಿರೋ, ಪಟ್ಟಿ ಕಟ್! ಇನ್ನೊಂದು, ಗಾಡಿಗಳು ಓಡಿ ಓಡಿ ಮಣ್ಣು ರಸ್ತೆ ಸಿಮೆಂಟ್ ಶೀಟಿನ ಹಾಗೆ ಅಲೆ ಅಲೆಯಾಗುತ್ತದಲ್ಲ, ಅದು. ನಿಧಾನ ಹೋದರೆ ಹಲ್ಲು ಅದುರುತ್ತದೆ. ಜೋರಾಗಿ ಹೋದರೆ ತೇಲಿದ ಹಾಗೆ ಸುಖ. ಆದರೆ ಆಗ ಚಕ್ರ ನೆಲ ಬಿಟ್ಟಿರುತ್ತದೆ, ಬ್ರೇಕ್ ಹಾಕಿದರೆ ಗಾಡಿ ತನಗೆ ಬೇಕಾದ ಕಡೆ ಹೋಗುತ್ತದೆ. ಸಿನಿಮಾದಲ್ಲಿ ಧೂಳೆಬ್ಬಿಸಿ ಬರುವ ಹೀರೋ ಎಷ್ಟು ಸಲ ಹೀಗೆ ತೇಲಿರುತ್ತಾನೋ ಏನೋ, ಅವನಿಗೆ ರೀಟೇಕ್ ಇರುತ್ತದೆ.

ಮಳೆ ಬಂದರೆ ಇನ್ನೊಂದು ಅವತಾರ. ಕೂಪರ್ ಕ್ರೀಕ್ ಅಂತ ಒಂದು ನದಿ ದಾರಿಗೆ ಅಡ್ಡ ಇದೆ. ಬಹಳಷ್ಟು ವರ್ಷ ಅದು ಬರೀ ಒಣಗಿದ ಮಣ್ಣು, ನದಿಯೆಂದು ಯಾರಾದರೂ ಹೇಳಿದರಷ್ಟೇ ನದಿ. ನೂರಾರು ಮೈಲಿ ಆಚೆ ಎಲ್ಲೋ ಮಳೆಯಾದರೆ, ಇಲ್ಲಿ ನೆತ್ತಿ ಸುಡುವ ಬಿಸಿಲಿನಲ್ಲೇ ನಿಧಾನಕ್ಕೆ ಪ್ರವಾಹ ಬರುತ್ತದೆ! 1949ರಲ್ಲಿ ಹಾಗೇ ಬಂತು. ಲಾರಿ ಈ ದಡದಲ್ಲಿ ನಿಲ್ಲಿಸಿ, ಅಂಚೆ, ಹಿಟ್ಟು, ಡ್ರಮ್ಮು ಎಲ್ಲ ದೋಣಿಗೆ ಇಳಿಸಿ, ದಾಟಿಸಿ, ಆ ದಡದಲ್ಲಿ ಇನ್ನೊಂದು ಗಾಡಿಗೆ ಏರಿಸಬೇಕು. ಮರಳುಗಾಡಿನ ಲಾರಿ ಡ್ರೈವರ್ ಅಂಬಿಗನೂ ಆಗಬೇಕಾಯಿತು. ಆ ಕಬ್ಬಿಣದ ದೋಣಿಯನ್ನು ಇವತ್ತೂ ದಾರಿಯ ಪಕ್ಕ ನಿಲ್ಲಿಸಿದ್ದಾರೆ. ಸುತ್ತ ಒಂದು ಹನಿ ನೀರಿಲ್ಲದಾಗ ನೋಡಿದವರಿಗೆ, ಯಾರೋ ಕುಡಿದು ಇಲ್ಲಿ ತಂದು ಬಿಟ್ಟಿದ್ದಾರೆ ಅನ್ನಿಸಿದರೆ ತಪ್ಪಿಲ್ಲ.

ಚಿತ್ರದಲ್ಲಿ ಒಬ್ಬ ಮುದುಕರು ಬರುತ್ತಾರೆ, ಎದ್ದು ನಿಂತು ಕೈಮುಗಿಯಬೇಕೆನ್ನಿಸುವಂಥವರು. ಬೇಜಾ ದರ್ವೇಶ್. ಬಲೂಚಿಸ್ತಾನದಲ್ಲಿ ಹುಟ್ಟಿ, ಬ್ರಿಟಿಷ್ ಇಂಡಿಯಾದ ಸೈನ್ಯದಲ್ಲಿದ್ದು, 1890ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದವರು. ಲಾರಿಗಳಿಗೆ ಮುಂಚೆ ಆ ದಾರಿಯಲ್ಲಿ ಸರಕು ಹೊತ್ತದ್ದು ಒಂಟೆಗಳು. ಒಂಟೆಗಳು ಹೋದದ್ದು ಎಲ್ಲಿಂದ? ನಮ್ಮ ಕಡೆಯಿಂದಲೇ! 1860ರ ದಶಕದಲ್ಲಿ ಕರಾಚಿಯಿಂದ ನೂರಕ್ಕೂ ಹೆಚ್ಚು ಒಂಟೆಗಳೂ ಮೂವತ್ತರಷ್ಟು ಒಂಟೆಗಾರರೂ ಹಡಗು ಹತ್ತಿದರು. ಆಗ ಕರಾಚಿಯೂ ನಮ್ಮ ಧಾರವಾಡ, ಬೆಳಗಾವಿಗಳೂ ಒಂದೇ ಬೊಂಬಾಯಿ ಪ್ರಾಂತ್ಯ. ಅಲ್ಲಿನ ಬಿಳಿಯರು ಪಠಾಣರು, ಬಲೂಚಿಗಳು, ಪಂಜಾಬಿಗಳು ಎನ್ನದೆ ಎಲ್ಲರಿಗೂ 'ಅಫ್ಘಾನ್' ಅಂತ ಒಂದೇ ಹೆಸರಿಟ್ಟರು. ಮರೀಯಲ್ಲಿ ಮಣ್ಣಿನ ಮಸೀದಿ ಕಟ್ಟಿಕೊಂಡು, ಊರಿನ ಒಂದು ಬದಿಯಲ್ಲಿ ಬದುಕಿದರು. ಬೇಜಾ 1896ರ ಒಂದು ಶೋಧಯಾತ್ರೆಯಲ್ಲಿ ಒಂಟೆ ನಡೆಸಿದ್ದರು. ಅದರಲ್ಲಿ ಇಬ್ಬರು ನೀರಿಲ್ಲದೆ ಸತ್ತರು. ಬದುಕಿ ಬಂದ ನಾಯಕ ಲಾರೆನ್ಸ್ ವೆಲ್ಸ್, ಬೇಜಾರ ನಿಷ್ಠೆಗೆ ಮೆಚ್ಚಿ ತನ್ನ ದಿಕ್ಸೂಚಿಯನ್ನು ಅವರಿಗೆ ಕೊಟ್ಟರು. ಬೇಜಾ 1957ರ ತನಕ ಬದುಕಿದ್ದರು. ಅದೃಷ್ಟ ನೋಡಿ, ಅಷ್ಟರಲ್ಲಿ ಒಬ್ಬ ನಿರ್ದೇಶಕ ಕ್ಯಾಮೆರಾ ತಂದ. ಎಷ್ಟೋ ಒಂಟೆಗಾರರ ಮುಖವೂ ಯಾರಿಗೂ ಗೊತ್ತಿಲ್ಲ.

ಈಗ ನನ್ನ ಮುಖ್ಯ ಮಾತು. ಮರುಭೂಮಿ ಅಂದರೆ ಸಿನಿಮಾದವರಿಗೆ ಒಬ್ಬಂಟಿ ಹೀರೋ. ಹಿಂದೆ ಯಾರಿಲ್ಲ, ಮುಂದೆ ಯಾರಿಲ್ಲ, ಕೂದಲು ಗಾಳಿಗೆ ಹಾರುತ್ತದೆ. ಹೇಯರ್ ತೋರಿಸಿದ್ದು ಉಲ್ಟಾ. ಟಾಮ್ ಕ್ರೂಸ್ ಒಬ್ಬಂಟಿಯಾಗಿ ಹೋಗುತ್ತಿರಲೇ ಇಲ್ಲ. ಲಾರಿ ಕಣ್ಣಿಗೆ ಕಾಣದಿದ್ದಾಗಲೂ ದಾರಿಯ ಒಂದೊಂದು ಮನೆಯಲ್ಲೂ ಒಬ್ಬರು ಲೆಕ್ಕ ಇಟ್ಟಿರುತ್ತಿದ್ದರು. ಇವತ್ತು ಇಲ್ಲಿರಬೇಕು, ನಾಳೆ ಅಲ್ಲಿರಬೇಕು, ಬಂದನೇ? ಆಲ್ಫ್ರೆಡ್ ಟ್ರೇಗರ್ ಎಂಬಾತ 1929ರ ಹೊತ್ತಿಗೆ ಒಂದು ರೇಡಿಯೋ ಮಾಡಿದ್ದ. ಕರೆಂಟು ಬೇಡ, ಹೊಲಿಗೆ ಮಿಷಿನ್ ಹಾಗೆ ಕಾಲಲ್ಲಿ ತುಳಿದರೆ ಸಾಕು. ಹಾರುವ ಡಾಕ್ಟರನ್ನು ಕರೆಯಲು ಮಾಡಿದ್ದು. ಸ್ಟೇಷನ್ನಿನ ಹೆಂಗಸರು ಅದನ್ನೇ ಹಿಡಿದು ನೂರಾರು ಮೈಲಿ ಆಚೆಯವರ ಜೊತೆ ಹರಟೆ ಹೊಡೆದರು, ಮಕ್ಕಳ ಜ್ವರ ಹೇಳಿಕೊಂಡರು, ಅಂಚೆ ಲಾರಿ ಎಲ್ಲಿದೆ ಎಂದೂ ವಿಚಾರಿಸಿದರು. ನನಗೆ ಆ ಹೆಂಗಸರೇ ಚಿತ್ರದ ನಾಯಕಿಯರು.

ಚಿತ್ರ ಅಲ್ಲಿಗೆ ಬಂದಾಗ ಮಾವ ಫೋನು ನಿಲ್ಲಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ನೀನಿನ್ನೂ ಹುಟ್ಟಿರಲಿಲ್ಲ. ಗುಜರಾತಿಂದ ಬರ್ತಾ ಗೇರ್‌ಬಾಕ್ಸ್ ಹೋಯ್ತು. ರೋಡ್ ಅನ್ನಂಗಿಲ್ಲ, ಊರು ಅನ್ನಂಗಿಲ್ಲ. ಕ್ಲೀನರ್ ಹುಡುಗನ್ನ ಸಾಮಾನಿಗೆ ಕಳಿಸಿ ನಾನೊಬ್ಬನೇ ಗಾಡಿ ಕೆಳಗೆ ಮಲಗಿದ್ದೆ. ಒಂಬತ್ತು ದಿನ. ಇಲ್ಲಿ ನಿಮ್ಮತ್ತೆ ಮೂರನೇ ದಿನದಿಂದ ದಿನಾ ಆಫೀಸಿನ ಬಾಗಿಲಿಗೆ ಹೋಗಿ ನಿಂತವಳೆ. ಲೋಡ್ ಎಲ್ಲಿ ಅಂತ ಮಾಲೀಕ ಕೇಳ್ದ. ನಾನೆಲ್ಲಿ ಅಂತ ಇವಳೊಬ್ಬಳು ಕೇಳಿದ್ಲು."

ಅಡುಗೆಮನೆಯಿಂದ ಅತ್ತೆ, "ಈಗ್ಯಾಕೆ ಅದೆಲ್ಲ, ಪಿಚ್ಚರ್ ನೋಡ್ರಿ" ಅಂದರು. ನೋಡಿದೆವು.

ಆ ಮುಂದಿನ ಭಾಗ ಕಷ್ಟ. ಚಿತ್ರದೊಳಗೆ ಒಂದು ಕತೆ ಬರುತ್ತದೆ. ಒಂಟಿ ಸ್ಟೇಷನ್ನಿನಲ್ಲಿ ಅಪ್ಪ ಇಲ್ಲದಾಗ ಅಮ್ಮ ಸತ್ತುಹೋಗುತ್ತಾಳೆ. ಇಬ್ಬರು ಪುಟ್ಟ ಹುಡುಗಿಯರು ಗಾಲಿಯ ಗಾಡಿಯಲ್ಲಿ ಸಾಮಾನು ಹಾಕಿಕೊಂಡು ಸಹಾಯಕ್ಕೆಂದು ನಡೆದು ಹೊರಡುತ್ತಾರೆ. ಮರಳಿನಲ್ಲಿ ಗಾಲಿಯ ಗುರುತು ಕಂಡು ದಾರಿ ಸಿಕ್ಕಿತೆಂದು ಹಿಗ್ಗುತ್ತಾರೆ. ಅದು ಅವರದೇ ಗಾಡಿಯ ಗುರುತು. ಸುತ್ತು ಹಾಕಿ ಅಲ್ಲಿಗೇ ಬಂದಿದ್ದಾರೆ. ಹಿನ್ನೆಲೆಯಲ್ಲಿ ಅಳುವ ಪಿಟೀಲಿಲ್ಲ, ಕ್ಲೋಸಪ್ಪಿನ ಕಣ್ಣೀರಿಲ್ಲ. ಗುರುತು ಇದೆ, ಆಮೇಲೆ ಗುರುತು ಇಲ್ಲ. ನಮ್ಮ ದೊಡ್ಡ ದೊಡ್ಡ ಸೆಂಟಿಮೆಂಟ್ ನಿರ್ದೇಶಕರು ಈ ಐದು ನಿಮಿಷ ನೋಡಬೇಕು.

ಸಿನಿಮಾ ಕತೆ ಅನ್ನುತ್ತೀರಾ? ಚಿತ್ರ ಬಂದು ಒಂಬತ್ತು ವರ್ಷಕ್ಕೆ, 1963ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹೊತ್ತಿಗೆ, ಅದೇ ದಾರಿಯಲ್ಲಿ ಇಂಗ್ಲೆಂಡಿನಿಂದ ವಲಸೆ ಬಂದಿದ್ದ ಒಂದು ಸಂಸಾರ ದಾರಿ ತಪ್ಪಿತು. ಅಪ್ಪ, ಅಮ್ಮ, ಮೂವರು ಗಂಡುಮಕ್ಕಳು. ಪೆಟ್ರೋಲು ಮುಗಿಯಿತು. ಕಾರು ಬಿಟ್ಟು ನಡೆದರು. ಐವರೂ ಬಾಯಾರಿಕೆಯಿಂದ ಸತ್ತರು. ಅಲ್ಲೇ ಮಣ್ಣು ಮಾಡಿದ್ದಾರೆ.

ಅಲ್ಲಿ ಗಾಡಿ ತೆಗೆದುಕೊಂಡು ಹೋಗುವವರಿಗೆ ಇವತ್ತಿಗೂ ಮೊದಲು ಹೇಳುವ ಬುದ್ಧಿಮಾತು: ಕೆಟ್ಟರೆ ಗಾಡಿ ಬಿಟ್ಟು ಕದಲಬೇಡಿ. ಮನುಷ್ಯ ನೆರಳಿಲ್ಲದೆ ನಡೆದಷ್ಟೂ ಬೆವರು, ಬೆವರಿದಷ್ಟೂ ಸಾವು ಹತ್ತಿರ. ಮೇಲಿನಿಂದ ಹುಡುಕುವ ವಿಮಾನಕ್ಕೆ ಕಾರು ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ತಲೆಗೆ ದಿನಕ್ಕೆ ಹತ್ತು ಲೀಟರ್ ನೀರಿನ ಲೆಕ್ಕ ಹಿಡಿಯಿರಿ, ಮೇಲೆ ಕೆಲವು ದಿನದ್ದು ಹೆಚ್ಚಿಗೆ ಇರಲಿ. ಎಲ್ಲಕ್ಕಿಂತ ಮೊದಲು, ಯಾವ ದಾರಿ, ಯಾವ ದಿನ ಮುಟ್ಟುತ್ತೇನೆ ಎಂದು ಒಬ್ಬರಿಗೆ ಹೇಳಿ ಹೊರಡಿ. ಮುಟ್ಟಿದ ಮೇಲೆ ಮುಟ್ಟಿದೆ ಎಂದೂ ಹೇಳಿ. ಮೊಬೈಲಿಗೆ ಸಿಗ್ನಲ್ ಬಹುಪಾಲು ದಾರಿಯಲ್ಲಿ ಇಲ್ಲ, ಸ್ಯಾಟಲೈಟ್ ಫೋನು ಬೇಕು. ಫೋನಿದ್ದರೂ ಆ ಕಡೆ ಎತ್ತುವವರೊಬ್ಬರು ಇರಬೇಕಲ್ಲ.

ಈ ಚಿತ್ರದ ಮೇಲೆ ದೂರೂ ಇದೆ, ಮುಚ್ಚಿಡುವುದಿಲ್ಲ. ಸಾಕ್ಷ್ಯಚಿತ್ರ ಅನ್ನುತ್ತಾರೆ, ಆದರೆ ಸ್ಕ್ರಿಪ್ಟು ಬರೆದು, ಜನರಿಂದ ತಮ್ಮ ಕೆಲಸವನ್ನೇ ಕ್ಯಾಮೆರಾ ಮುಂದೆ ಮತ್ತೆ ಮಾಡಿಸಿ ತೆಗೆದದ್ದು. ಟಾಮ್ ಕ್ರೂಸ್ ಟಾಮ್ ಕ್ರೂಸ್ ಆಗಿ ನಟಿಸಿದ್ದಾರೆ! ದುಡ್ಡು ಹಾಕಿದ್ದೋ ಶೆಲ್ ಪೆಟ್ರೋಲು ಕಂಪನಿ. ಪೆಟ್ರೋಲು ಮಾರುವವರು ಲಾರಿಯ ಮೇಲೆ ಚಿತ್ರ ತೆಗೆಯದೆ ಎತ್ತಿನ ಗಾಡಿಯ ಮೇಲೆ ತೆಗೆಯುತ್ತಾರೆಯೇ? ಇರಲಿ. ಟಿಕೆಟ್ಟಿಗೆ ಕಾಯದೆ, ನಮ್ಮ ಟೂರಿಂಗ್ ಟಾಕೀಸಿನ ಹಾಗೆ ಊರೂರಿನ ಹಾಲು, ಶಾಲೆಗಳಲ್ಲಿ ತೋರಿಸಿದವರೂ ಅವರೇ. ನಟಿಸಿದ್ದು ಅಂದಮಾತ್ರಕ್ಕೆ ಸುಳ್ಳು ಅಂತ ನಾನು ಒಪ್ಪುವುದಿಲ್ಲ. ಮರಳು ನಟಿಸಿಲ್ಲ. ತಗಡಿನ ಭಾರ ನಟಿಸಿಲ್ಲ. ವರ್ಷಗಟ್ಟಲೆ ಮಾಡಿದ ಕೆಲಸವನ್ನು ಇನ್ನೊಂದು ಸಲ ಮಾಡಿ ತೋರಿಸಿದವನಿಗೆ ನಟ ಅನ್ನಬೇಕೇ, ಸಾಕ್ಷಿ ಅನ್ನಬೇಕೇ, ವಿಮರ್ಶಕರು ತೀರ್ಮಾನಿಸಲಿ. ಮಾವ ಆಗಲೇ ತೀರ್ಮಾನಿಸಿದ್ದಾರೆ.

ಟಾಮ್ ಕ್ರೂಸ್‌ಗೆ 1955ರಲ್ಲಿ ಎಂಬಿಇ ಬಿರುದು ಬಂತು. 1963ರಲ್ಲಿ ಅಂಚೆ ಕಾಂಟ್ರ್ಯಾಕ್ಟು ಮಾರಿದರು. ಆ ಲೇಲ್ಯಾಂಡು 1957ರಲ್ಲೇ ಕೆಟ್ಟು ದಾರಿಯಲ್ಲಿ ಒಂದು ಸ್ಟೇಷನ್ನಿನ ಬಳಿ ಬಿದ್ದಿತ್ತು. ಸುಮಾರು ಮೂವತ್ತು ವರ್ಷ ಮಳೆ ಬಿಸಿಲಿನಲ್ಲಿ ತುಕ್ಕು ಹಿಡಿದದ್ದನ್ನು ಅಭಿಮಾನಿಗಳು ಹುಡುಕಿ, ಎತ್ತಿ, ಬೋಲ್ಟು ಬೋಲ್ಟು ಸೇರಿಸಿ ಓಡುವ ಹಾಗೆ ಮಾಡಿದರು. 1999ರಲ್ಲಿ ಅದೇ ಲಾರಿಯಲ್ಲಿ, ಅದೇ ದಾರಿಯಲ್ಲಿ, ಮತ್ತೊಮ್ಮೆ ಅಂಚೆ ಹೊತ್ತು ಹೋದರು. ಟಾಮ್‌ಗೆ ಆಗ 85ರ ಹತ್ತಿರ. ಅದರ ಮೇಲೆಯೂ 2000ದಲ್ಲಿ 'ಲಾಸ್ಟ್ ಮೇಲ್ ಫ್ರಮ್ ಬರ್ಡ್ಸ್‌ವಿಲ್' ಎಂಬ ಚಿತ್ರ ಬಂತು. ಲಾರಿ ಈಗ ದಕ್ಷಿಣ ಆಸ್ಟ್ರೇಲಿಯಾದ ಬರ್ಡ್‌ವುಡ್‌ನಲ್ಲಿರುವ ಮೋಟಾರು ಮ್ಯೂಸಿಯಮ್ಮಿನಲ್ಲಿದೆ. ದಾರಿ ಇಂದಿಗೂ ಬಹುಪಾಲು ಡಾಂಬರು ಕಾಣದ ಮಣ್ಣುದಾರಿಯೇ. ಅಗಲ ಮಾಡಿದ್ದಾರೆ, ಗ್ರೇಡರ್ ಹೊಡೆಸುತ್ತಾರೆ. ಒಣ ದಿನಗಳಲ್ಲಿ ಪ್ರವಾಸಿಗರ ಜೀಪುಗಳು ಓಡಾಡುತ್ತವೆ. ಮಳೆ ಬಂದರೆ ಗೇಟು ಬಂದ್.

ಚಳ್ಳಕೆರೆಯ ಸ್ನೇಹಿತರೆ, ಸಿಕ್ಕರೆ ನೋಡಿ. 66 ನಿಮಿಷ ಅಂದೆನಲ್ಲ, ಚಳ್ಳಕೆರೆಯಿಂದ ಬಳ್ಳಾರಿಗೆ ಬಸ್ಸು ಹತ್ತಿದರೆ ಊರು ಬರುವ ಮೊದಲೇ ಮುಗಿಯುತ್ತದೆ. 'ಮ್ಯಾಡ್ ಮ್ಯಾಕ್ಸ್' ಕೆಟ್ಟದ್ದು ಅಂತ ನಾನು ಹೇಳಿದೆ ಎಂದು ಮಾತ್ರ ಯಾರಿಗೂ ಹೇಳಬೇಡಿ. ಮುಂದಿನ ಕಾರ್ಡಿನಲ್ಲಿ ಮಾವನಿಗೆ ಇನ್ನೊಂದು ಲಾರಿ ಚಿತ್ರ ಸೂಚಿಸಿ. ಸ್ಟೀರಿಂಗ್ ನೆಟ್ಟಗೆ ಹಿಡಿದವರದಾಗಿರಲಿ.